ಯೋಜಕನೂ ಸಾಮ್ರಾಜ್ಯವೂ: ಜಪಾನಿನ ಯುದ್ಧಕಾಲದ ತಂತ್ರಜ್ಞ ಅಧಿಕಾರಿಗಳನ್ನು ಕನ್ನಡದಿಂದ ಓದುವ ಬಗೆ

ಕನ್ನಡದ ಸಾರ್ವಜನಿಕ ಬರಹದಲ್ಲಿ ಜಪಾನ್ ಬಹುಕಾಲದಿಂದ ಒಂದು ಪಾಠವಾಗಿ ಬಳಕೆಯಲ್ಲಿದೆ. ಬಡತನವನ್ನು ದುಡಿಮೆಯಿಂದ ಗೆದ್ದ ದೇಶ, ಪಶ್ಚಿಮದ ವಿದ್ಯೆಯನ್ನು ಕಲಿತೂ ತನ್ನತನವನ್ನು ಉಳಿಸಿಕೊಂಡ ದೇಶ, ಶಿಸ್ತಿನ ದೇಶ ಎಂಬ ಮಾತುಗಳು ನಮಗೆ ಚಿರಪರಿಚಿತ. ಈ ಪಾಠಕ್ಕೆ ಕನ್ನಡ ನಾಡಿನಲ್ಲಿ ಅಧಿಕಾರಯುತ ರೂಪ ಕೊಟ್ಟವರು ಸರ್ ಎಂ. ವಿಶ್ವೇಶ್ವರಯ್ಯನವರು. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರರಾಗಿದ್ದಾಗ, 1898ರಲ್ಲಿ, ಅವರು ಜಪಾನ್ ಪ್ರವಾಸ ಕೈಗೊಂಡರು. ಮುಂದೆ ಮೈಸೂರಿನ ದಿವಾನರಾಗಿಯೂ ಗ್ರಂಥಕರ್ತರಾಗಿಯೂ ಆ ದೇಶವನ್ನು ಮತ್ತೆ ಮತ್ತೆ ಅಳತೆಗೋಲಾಗಿ ಬಳಸಿದರು. ಶಿಕ್ಷಣ, ಕೈಗಾರಿಕೆ, ಬ್ಯಾಂಕು, ಹಡಗು ಸಾರಿಗೆ, ಯಾವುದನ್ನು ಕುರಿತು ಬರೆದರೂ ಭಾರತದ ಅಂಕಿಯ ಪಕ್ಕದಲ್ಲಿ ಜಪಾನಿನ ಅಂಕಿ ಬಂದು ನಿಲ್ಲುವುದು ಅವರ ಬರವಣಿಗೆಯ ರೂಢಿಯಾಯಿತು.

ಅದೇ 1898ರಲ್ಲಿ ಜಪಾನಿನ ಇತಿಹಾಸದಲ್ಲಿ ಇನ್ನೊಂದು ಸಂಗತಿ ನಡೆಯಿತು. ವೈದ್ಯನಾಗಿ ಶಿಕ್ಷಣ ಪಡೆದಿದ್ದ ಗೋಟೊ ಶಿಂಪೆ ತೈವಾನಿನ ನಾಗರಿಕ ಆಡಳಿತದ ಮುಖ್ಯಸ್ಥನಾಗಿ ನೇಮಕಗೊಂಡ. ತೈವಾನ್ 1894-95ರ ಯುದ್ಧದ ಫಲವಾಗಿ ಚೀನದಿಂದ ಜಪಾನಿನ ಕೈಸೇರಿದ್ದ ದ್ವೀಪ. ಭೂಮಾಪನ, ಸಾರ್ವಜನಿಕ ಆರೋಗ್ಯ, ರೈಲು, ಬಂದರು, ಅಫೀಮಿನ ಸರಕಾರಿ ಏಕಸ್ವಾಮ್ಯ ಇವೆಲ್ಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿ, ವಸಾಹತನ್ನು ಆಳುವುದು ವೈಜ್ಞಾನಿಕ ಕೆಲಸ ಎಂಬ ಭಾವನೆಯನ್ನು ಗೋಟೊ ನೆಲೆಗೊಳಿಸಿದ. 1906ರಲ್ಲಿ ದಕ್ಷಿಣ ಮಂಚೂರಿಯ ರೈಲ್ವೆಯ ಮೊದಲ ಅಧ್ಯಕ್ಷನೂ ಆದ. ಆ ಕಂಪೆನಿಯ ಸಂಶೋಧನಾ ವಿಭಾಗವೇ ಮುಂದಿನ ತಲೆಮಾರಿನ ಯೋಜಕರ ಗರಡಿಮನೆಯಾಯಿತು. ಕನ್ನಡ ಓದಿಕೊಂಡ ಜಪಾನಿನಲ್ಲಿ ಗೋಟೊ ಇಲ್ಲ. ಕಾರ್ಖಾನೆ ಇದೆ, ತೈವಾನ್ ಇಲ್ಲ. ಶಾಲೆ ಇದೆ, ಕೊರಿಯ ಇಲ್ಲ. ಯೋಜನೆ ಇದೆ, ಮಂಚೂರಿಯ ಇಲ್ಲ.

ಈ ಅರೆಓದಿನಿಂದ ನಮಗಾದ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಅದಕ್ಕಾಗಿ ಜಪಾನಿನ ಯುದ್ಧಕಾಲದ ಯೋಜಕರನ್ನು ಕುರಿತ ಎರಡು ಇಂಗ್ಲಿಷ್ ಗ್ರಂಥಗಳನ್ನು ಮೊದಲು ನೋಡಿ, ಅವುಗಳ ಬೆಳಕಿನಲ್ಲಿ ವಿಶ್ವೇಶ್ವರಯ್ಯನವರ ಯೋಜನಾ ಚಿಂತನೆಯನ್ನು ಪರಿಶೀಲಿಸಿ, ಕೊನೆಯಲ್ಲಿ ಕಾಸರಗೋಡಿನ ಅನುಭವಕ್ಕೆ ಬರಲಾಗುವುದು. ಮೂರನ್ನೂ ಜೋಡಿಸುವ ಪ್ರಶ್ನೆ ಒಂದೇ: ಯೋಜಕನು ಯಾರಿಗೆ ಉತ್ತರ ಹೇಳಬೇಕು, ಯಾವ ಭಾಷೆಯಲ್ಲಿ?

ಮಂಚೂರಿಯವೆಂಬ ಪ್ರಯೋಗಶಾಲೆ

ಜಾನಿಸ್ ಮಿಮುರಾ ಅವರ ‘ಪ್ಲ್ಯಾನಿಂಗ್ ಫಾರ್ ಎಂಪೈರ್’ 2011ರಲ್ಲಿ ಪ್ರಕಟವಾಯಿತು. ಜಪಾನಿನ ಯುದ್ಧಕಾಲದ ಪ್ರಭುತ್ವವೆಂದರೆ ಸೇನಾಧಿಕಾರಿಗಳ ಉನ್ಮಾದ, ಚಕ್ರವರ್ತಿಯ ಆರಾಧನೆ, ಗ್ರಾಮಜೀವನದ ಹಂಬಲ ಎಂಬ ರೂಢಿಗತ ಚಿತ್ರವನ್ನು ಈ ಗ್ರಂಥ ಬದಲಿಸುತ್ತದೆ. ಮಿಮುರಾ ಅವರ ಕೇಂದ್ರದಲ್ಲಿರುವವರು ‘ಸುಧಾರಣಾವಾದಿ ಅಧಿಕಾರಿಗಳು’ ಎಂದು ಹೆಸರಾದ, ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾನಿಲಯದಂತಹ ಸಂಸ್ಥೆಗಳಲ್ಲಿ ಓದಿದ, ಲೆಕ್ಕಾಚಾರದಲ್ಲಿ ನುರಿತ ನಡುವಯಸ್ಸಿನ ಸರಕಾರಿ ನೌಕರರು. ಬಂಡವಾಳಶಾಹಿಯ ಅರಾಜಕತೆಯೂ ಬೇಡ, ಕಮ್ಯುನಿಸಮ್ಮಿನ ವರ್ಗಯುದ್ಧವೂ ಬೇಡ, ತಜ್ಞರು ನಡೆಸುವ ಮೂರನೆಯ ಹಾದಿ ಬೇಕು ಎಂಬುದು ಅವರ ನಂಬಿಕೆ. ಈ ಹಾದಿಯನ್ನು ಮಿಮುರಾ ತಂತ್ರ-ಫ್ಯಾಸಿಸಂ ಎಂದು ಕರೆಯುತ್ತಾರೆ. ಉನ್ಮಾದಕ್ಕಿಂತ ವಿವೇಚನೆಯೇ ಹೆಚ್ಚು ದೂರ ಹೋಗಬಲ್ಲುದು ಎಂಬುದು ಅವರ ಗ್ರಂಥದಿಂದ ಹೊರಡುವ ಎಚ್ಚರಿಕೆ.

ಇವರಲ್ಲಿ ಪ್ರಮುಖನಾದ ಕಿಶಿ ನೊಬುಸುಕೆ 1920ರಲ್ಲಿ ಸರಕಾರಿ ಸೇವೆಗೆ ಸೇರಿದ. ಅಮೆರಿಕ, ಜರ್ಮನಿಗಳಲ್ಲಿ ಕೈಗಾರಿಕೆಯ ಮರುಸಂಘಟನೆಯನ್ನು ಕಂಡು ಬಂದು, 1931ರ ಪ್ರಮುಖ ಕೈಗಾರಿಕೆಗಳ ನಿಯಂತ್ರಣ ಕಾಯಿದೆಯಲ್ಲಿ ಪಾತ್ರ ವಹಿಸಿದ. ಅದೇ ವರ್ಷದ ಸೆಪ್ಟೆಂಬರ್ 18ರಂದು ಕ್ವಾಂಟುಂಗ್ ಸೇನೆ ಮಂಚೂರಿಯವನ್ನು ಆಕ್ರಮಿಸತೊಡಗಿತು. 1932ರ ಮಾರ್ಚ್ 1ರಂದು ಮಂಚುಕುವೊ ಎಂಬ ಹೆಸರಿಗಷ್ಟೇ ಸ್ವತಂತ್ರವಾದ ರಾಜ್ಯ ಘೋಷಣೆಯಾಯಿತು. 1936ರಲ್ಲಿ ಕಿಶಿ ಅಲ್ಲಿಗೆ ತೆರಳಿ ಕೈಗಾರಿಕಾ ಇಲಾಖೆಯ ಉಪಮಂತ್ರಿಯಾದ. ಮಂತ್ರಿಯ ಕುರ್ಚಿಯಲ್ಲಿ ಮಂಚೂರಿಯದವನು, ಉಪಮಂತ್ರಿಯ ಕುರ್ಚಿಯಲ್ಲಿ ಜಪಾನಿ. ಸಹಿ ಒಬ್ಬನದು, ನಿರ್ಧಾರ ಇನ್ನೊಬ್ಬನದು. ಸೋವಿಯತ್ ಪದ್ಧತಿಯನ್ನು ಅಭ್ಯಾಸ ಮಾಡಿದ್ದ ಮಿಯಾಝಾಕಿ ಮಾಸಾಯೊಶಿಯ ಕರಡುಗಳು, ಸೇನಾಧಿಕಾರಿ ಇಶಿವಾರಾ ಕಾಂಜಿಯ ಯುದ್ಧದೃಷ್ಟಿ, ಹೊಶಿನೊ ನಾವೊಕಿಯ ಹಣಕಾಸು ಜಾಣ್ಮೆ ಇವು ಕೂಡಿ 1937ರಲ್ಲಿ ಮಂಚುಕುವೊದ ಪಂಚವಾರ್ಷಿಕ ಕೈಗಾರಿಕಾ ಯೋಜನೆ ಜಾರಿಗೆ ಬಂತು. ನಿಸ್ಸಾನ್ ಸಮೂಹದ ಅಯುಕಾವಾ ಯೊಶಿಸುಕೆಯನ್ನು ಕರೆತಂದು ಭಾರಿ ಕೈಗಾರಿಕೆಗಳನ್ನು ಒಂದೇ ಕಂಪೆನಿಯಡಿ ತರಲಾಯಿತು.

ಮಂಚೂರಿಯದಲ್ಲಿ ಕಲಿತದ್ದು ಟೋಕಿಯೊಗೆ ಮರಳಿತು ಎಂಬುದು ಮಿಮುರಾ ಅವರ ಮಹತ್ತ್ವದ ಒಳನೋಟ. 1937ರ ಅಕ್ಟೋಬರಿನಲ್ಲಿ ಯೋಜನಾ ಮಂಡಳಿ ಸ್ಥಾಪನೆಯಾಯಿತು. 1938ರಲ್ಲಿ ರಾಷ್ಟ್ರೀಯ ಸರ್ವಸನ್ನಾಹ ಕಾಯಿದೆ ಬಂತು. ವಿದ್ಯುತ್ ಕಂಪೆನಿಗಳ ಒಡೆತನ ಖಾಸಗಿಯವರಲ್ಲೇ ಇದ್ದು ನಿರ್ವಹಣೆ ಮಾತ್ರ ಸರಕಾರದ್ದಾಗಬೇಕೆಂಬ ಒಕುಮುರಾ ಕಿವಾವೊನ ಸೂತ್ರವೂ ಕಾನೂನಾಯಿತು. ಉದ್ಯಮಪತಿಗಳು ಇದರಲ್ಲಿ ಕಮ್ಯುನಿಸಂ ಕಂಡರು. 1941ರಲ್ಲಿ ಯೋಜನಾ ಮಂಡಳಿಯ ಕೆಲವು ಅಧಿಕಾರಿಗಳ ಬಂಧನವೂ ಆಯಿತು. ಆದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಕಿಶಿ ಟೋಜೊ ಸಂಪುಟದ ವಾಣಿಜ್ಯ-ಕೈಗಾರಿಕಾ ಮಂತ್ರಿಯಾದ. ವಸಾಹತಿನಲ್ಲಿ ಜನರನ್ನು ಕೇಳದೆ ಆಳುವ ಅಭ್ಯಾಸ ಬೆಳೆಸಿಕೊಂಡವರು ಸ್ವದೇಶದಲ್ಲಿಯೂ ಕೇಳದೆ ಆಳುವುದನ್ನು ಸಹಜವೆಂದು ಭಾವಿಸಿದರು.

ಇಂಜಿನಿಯರರ ಪಾಲು

ಆರನ್ ಸ್ಟೀಫನ್ ಮೂರ್ ಅವರ ‘ಕನ್‌ಸ್ಟ್ರಕ್ಟಿಂಗ್ ಈಸ್ಟ್ ಏಷ್ಯಾ’ (2013) ಆಡಳಿತಾಧಿಕಾರಿಗಳಿಂದ ಇಂಜಿನಿಯರರ ಕಡೆಗೆ ಹೊರಳುತ್ತದೆ. ಕನ್ನಡ ಓದುಗರಿಗೆ ಇಲ್ಲಿ ಒಂದು ಪರಿಚಿತ ದನಿ ಕೇಳಿಸುತ್ತದೆ. ಮಿಯಾಮೊಟೊ ತಾಕೆನೊಸುಕೆ ಎಂಬ ಸಿವಿಲ್ ಇಂಜಿನಿಯರ್ 1920ರಲ್ಲಿ ಗೆಳೆಯರೊಡನೆ ಕೂಡಿ ಇಂಜಿನಿಯರರ ಸಂಘವೊಂದನ್ನು ಕಟ್ಟಿದ. ಕಾನೂನು ಓದಿದವರಿಗೇ ಸರಕಾರದ ಉನ್ನತ ಹುದ್ದೆಗಳು ಮೀಸಲಾಗಿರುವುದು ಅನ್ಯಾಯ. ಸೇತುವೆ ಕಟ್ಟುವವನಿಗೆ ದೇಶವನ್ನು ಕಟ್ಟುವ ಯೋಗ್ಯತೆಯೂ ಇದೆ ಎಂಬುದು ಅವರ ವಾದ. ಆರಂಭದಲ್ಲಿ ಇದರಲ್ಲಿ ಉದಾರವಾದಿ ಸಾಮಾಜಿಕ ಕಾಳಜಿ ಇತ್ತು. ಆದರೆ ಇಂಜಿನಿಯರರಿಗೆ ಅವರು ಬಯಸಿದ ಅಧಿಕಾರ ದೊರೆತದ್ದು ಸಾಮ್ರಾಜ್ಯದಲ್ಲಿ. ಆಕ್ರಮಿತ ಚೀನದ ಆಡಳಿತಕ್ಕಾಗಿ 1938ರಲ್ಲಿ ರಚನೆಯಾದ ಏಷ್ಯಾ ಅಭಿವೃದ್ಧಿ ಮಂಡಳಿಯಲ್ಲಿ ಮಿಯಾಮೊಟೊಗೆ ಸ್ಥಾನ ಸಿಕ್ಕಿತು. ಆಮೇಲೆ ಆತ ಯೋಜನಾ ಮಂಡಳಿಯ ಉಪಾಧ್ಯಕ್ಷನೂ ಆದ.

ಮೂರ್ ಅವರ ಅತ್ಯುತ್ತಮ ಪುಟಗಳು ಅಣೆಕಟ್ಟುಗಳನ್ನು ಕುರಿತವು. ಕೊರಿಯ-ಮಂಚೂರಿಯಗಳ ಗಡಿಯ ಯಾಲು ನದಿಗೆ 1937ರಲ್ಲಿ ಆರಂಭಿಸಿದ ಸುಪುಂಗ್ ಅಣೆಕಟ್ಟು ಆ ಕಾಲದಲ್ಲಿ ಏಷ್ಯದ ಅತಿ ದೊಡ್ಡ ಕಟ್ಟೆಗಳಲ್ಲೊಂದು. ಅದರ ಹಿಂದಿದ್ದ ಇಂಜಿನಿಯರ್ ಕುಬೊಟಾ ಯುಟಾಕಾ. ಪ್ರವಾಹ ನಿಯಂತ್ರಣ, ವಿದ್ಯುತ್ತು, ನೀರಾವರಿ, ಸಾರಿಗೆ ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಸೇರಿಸುವ ‘ಸಮಗ್ರ ತಂತ್ರಜ್ಞಾನ’ ಇಲ್ಲಿನ ಮಂತ್ರ. ಯೋಜನೆಗಳು ನಕ್ಷೆಯಂತೆ ನಡೆಯಲಿಲ್ಲ. ನೆಲ, ಹಣ, ಇಲಾಖೆಗಳ ಜಗಳ, ನೆಲೆ ಕಳೆದುಕೊಂಡವರ ಪ್ರತಿರೋಧ ಅವನ್ನು ತಿದ್ದುತ್ತಲೇ ಹೋದವು ಎಂಬುದನ್ನು ಮೂರ್ ವಿವರವಾಗಿ ತೋರಿಸುತ್ತಾರೆ. ಮಿಮುರಾ ಅವರ ಯೋಜಕರು ಚಿಂತಿಸುತ್ತಾರೆ. ಮೂರ್ ಅವರ ಇಂಜಿನಿಯರರು ಕೆಸರಿಗಿಳಿಯುತ್ತಾರೆ. ಆದುದರಿಂದ ಎರಡನ್ನೂ ಒಟ್ಟಿಗೆ ಓದುವುದು ಲಾಭಕರ.

ಈ ಎರಡೂ ಗ್ರಂಥಗಳಿಗೆ ಒಂದು ಸಾಮಾನ್ಯ ಮಿತಿಯಿದೆ. ಮಿಮುರಾ ಅವರಲ್ಲಿ ಹೆಚ್ಚಾಗಿ, ಮೂರ್ ಅವರಲ್ಲಿ ಕಡಿಮೆಯಾಗಿ, ಯೋಜಕರ ಬರಹಗಳೇ ಮುಖ್ಯ ಆಕರ. ಯೋಜನೆಗೆ ಒಳಗಾದವರು ಅಂಚಿನಲ್ಲಿ ಹಾದುಹೋಗುತ್ತಾರೆ. 1936ರಲ್ಲಿ ಜಪಾನ್ ಸರಕಾರ 20 ವರ್ಷಗಳಲ್ಲಿ 10 ಲಕ್ಷ ಕುಟುಂಬಗಳನ್ನು, ಎಂದರೆ 50 ಲಕ್ಷ ಜನರನ್ನು, ಮಂಚೂರಿಯದಲ್ಲಿ ನೆಲೆಗೊಳಿಸುವ ಯೋಜನೆ ಹಾಕಿತು. ಅಂಕಿ ದುಂಡಗಿದೆ. ಆ ನೆಲದಲ್ಲಿ ಆಗಲೇ ಉಳುತ್ತಿದ್ದ ಚೀನೀ ಹಾಗೂ ಕೊರಿಯನ್ ರೈತರಿಂದ ಅಗ್ಗದ ಬೆಲೆಗೆ ಬಲವಂತವಾಗಿ ಭೂಮಿ ಕೊಂಡದ್ದು ಆ ದುಂಡು ಅಂಕಿಯೊಳಗೆ ಅಡಗಿದೆ. ಇನ್ನೊಂದು ಅಂಕಿ ದುಂಡಗಿಲ್ಲ. ಮಂಚೂರಿಯದ ಬೆನ್ಶಿಹು ಕಲ್ಲಿದ್ದಲ ಗಣಿಯಲ್ಲಿ 1942ರ ಏಪ್ರಿಲ್ 26ರಂದು ಸಂಭವಿಸಿದ ಸ್ಫೋಟದಲ್ಲಿ 1,549 ಕಾರ್ಮಿಕರು ಸತ್ತರು. ಬೆಂಕಿಯನ್ನು ಅಡಗಿಸಲು ಗಾಳಿಯ ಸಂಚಾರವನ್ನು ನಿಲ್ಲಿಸಿದ್ದರಿಂದ ಬಹುಮಂದಿ ವಿಷಾನಿಲಕ್ಕೆ ಬಲಿಯಾದರೆಂದು ಯುದ್ಧಾನಂತರದ ಸೋವಿಯತ್ ತನಿಖೆ ಕಂಡುಕೊಂಡಿತು. ಗಣಿಯನ್ನು ಉಳಿಸುವ ದೃಷ್ಟಿಯಿಂದ ಅದು ದಕ್ಷ ನಿರ್ಧಾರ. ಆ ನಿರ್ಧಾರವನ್ನು ಪ್ರಶ್ನಿಸಬಲ್ಲ ಸ್ಥಾನ ಗಣಿಯೊಳಗಿದ್ದ ಯಾರಿಗೂ ಇರಲಿಲ್ಲ.

ಮೈಸೂರಿನ ಭಿನ್ನತೆ ಎಲ್ಲಿದೆ?

ಇಷ್ಟನ್ನು ಓದಿದ ಮೇಲೆ ವಿಶ್ವೇಶ್ವರಯ್ಯನವರತ್ತ ತಿರುಗಿದರೆ ಎರಡು ಸುಲಭದ ತಪ್ಪುಗಳು ಎದುರಾಗುತ್ತವೆ. ಅವರನ್ನು ಕಿಶಿಯ ಸಾಲಿನಲ್ಲಿ ನಿಲ್ಲಿಸುವುದು ಒಂದು. ಅವರಿಗೂ ಈ ಪ್ರಶ್ನೆಗೂ ಸಂಬಂಧವೇ ಇಲ್ಲವೆನ್ನುವುದು ಇನ್ನೊಂದು. ಅವರು ಸಾಮ್ರಾಜ್ಯವೊಂದರ ಪ್ರಜೆಯಾಗಿದ್ದವರು. ಅವರ ಯೋಜನೆ ಯಾವ ದೇಶವನ್ನೂ ಆಕ್ರಮಿಸಲು ಹೊರಟದ್ದಲ್ಲ. 1920ರ ‘ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಹಾಗೂ 1934ರ ‘ಪ್ಲ್ಯಾನ್ಡ್ ಎಕಾನಮಿ ಫಾರ್ ಇಂಡಿಯಾ’ ಗ್ರಂಥಗಳು ಬ್ರಿಟಿಷ್ ಆಳ್ವಿಕೆಯ ಆರ್ಥಿಕ ಉದಾಸೀನದ ಮೇಲಿನ ದೋಷಾರೋಪಣೆಯೂ ಹೌದು. ಆದರೆ ಹತ್ತು ವರ್ಷಗಳಲ್ಲಿ ರಾಷ್ಟ್ರದ ವರಮಾನವನ್ನು ಇಮ್ಮಡಿಗೊಳಿಸುವ 1934ರ ಕರಡಿನಲ್ಲಿ, ಸೋವಿಯತ್ ಯೋಜನೆಯ ಶಿಸ್ತನ್ನು ಸ್ವೀಕರಿಸಿ ಅದರ ತತ್ತ್ವವನ್ನು ಬಿಡುವ ನಿಲುವು ಇದೆ. ತಜ್ಞರ ಮಂಡಳಿಯ ಮೇಲೆ ಭರವಸೆಯಿದೆ. ಅಂಕಿ-ಅಂಶವೇ ಅಂತಿಮ ಸಾಕ್ಷಿಯೆಂಬ ವಿಶ್ವಾಸವಿದೆ. ಇವು ಮಂಚುಕುವೊದ ಕರಡಿಗಿಂತ ಮೂರು ವರ್ಷ ಮೊದಲೇ ಕನ್ನಡ ನಾಡಿನಿಂದ ಹೊರಟ ಮಾತುಗಳು. ಯುಗದ ಭಾಷೆ ಒಂದೇ ಆಗಿತ್ತು.

ಹಾಗಾದರೆ ಭಿನ್ನತೆ ಎಲ್ಲಿದೆ? ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆ, ಸರಳತೆಗಳನ್ನು ಉತ್ತರವಾಗಿ ಮುಂದಿಡುವುದು ನಮ್ಮ ವಾಡಿಕೆ. ಅವರ ಶೀಲದ ಬಗ್ಗೆ ಎರಡು ಮಾತಿಲ್ಲ. ಆದರೆ ಮಿಯಾಮೊಟೊನಲ್ಲಿಯೂ ವೃತ್ತಿನಿಷ್ಠೆ, ದೇಶಪ್ರೇಮಗಳಿದ್ದವು. ಅವು ಅವನನ್ನು ತಡೆಯಲಿಲ್ಲ. ಶೀಲವು ಯೋಜಕನನ್ನು ಲಂಚದಿಂದ ಕಾಪಾಡುತ್ತದೆ, ಯೋಜನೆಯಿಂದ ಕಾಪಾಡುವುದಿಲ್ಲ. ಭಿನ್ನತೆಯನ್ನು ಮೈಸೂರಿನ ಸಂಸ್ಥೆಗಳಲ್ಲಿ ಹುಡುಕಬೇಕು.

1881ರಲ್ಲಿ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯ ಅಧಿಕಾರ ಮಿತವಾಗಿತ್ತು. ಅಲ್ಲಿಗೆ ಬಂದವರಲ್ಲಿ ಭೂಮಿಯಿದ್ದವರೇ ಹೆಚ್ಚು. ಆದರೂ ದಿವಾನರ ಎದುರು ನಿಂತು ದೂರು ಹೇಳುವ ಒಂದು ಜಾಗ ಅದಾಗಿತ್ತು. 1917ರಲ್ಲಿ ಹುಟ್ಟಿದ ಪ್ರಜಾಮಿತ್ರ ಮಂಡಳಿ ಹಿಂದುಳಿದವರಿಗೆ ಸರಕಾರಿ ಸೇವೆಯಲ್ಲಿ ಪ್ರಾತಿನಿಧ್ಯ ಕೇಳಿತು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರಕಾರ ಸರ್ ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿತು. ದಕ್ಷತೆ ಕುಗ್ಗುತ್ತದೆಂದು ವಿಶ್ವೇಶ್ವರಯ್ಯನವರು ಮೀಸಲಾತಿಯನ್ನು ಒಪ್ಪಲಿಲ್ಲ. ಅವರು ದಿವಾನಗಿರಿಯಿಂದ ನಿವೃತ್ತರಾದದ್ದರ ಹಿಂದೆ ಈ ಭಿನ್ನಾಭಿಪ್ರಾಯವಿತ್ತು. ಈ ಪ್ರಸಂಗವನ್ನು ಅವರ ಅಭಿಮಾನಿಗಳು ತ್ಯಾಗವೆಂದೂ ಟೀಕಾಕಾರರು ಜಾತಿದೃಷ್ಟಿಯೆಂದೂ ಓದಿದ್ದಾರೆ. ಜಪಾನಿನ ಪಕ್ಕದಲ್ಲಿಟ್ಟಾಗ ಮೂರನೆಯ ಅರ್ಥ ಹೊಳೆಯುತ್ತದೆ. ಮೈಸೂರಿನಲ್ಲಿ ‘ದಕ್ಷತೆ’ ಎಂಬ ಪದಕ್ಕೆ ‘ಪ್ರಾತಿನಿಧ್ಯ’ ಎಂಬ ಎದುರುಪದವಿತ್ತು. ಶ್ರೇಷ್ಠ ತಂತ್ರಜ್ಞನೊಬ್ಬನು ವಾದದಲ್ಲಿ ಸೋತು ಮನೆಗೆ ಹೋಗುವುದು ಅಲ್ಲಿ ಸಾಧ್ಯವಿತ್ತು. ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಮೊದಲ ವರ್ಷಗಳ ನಷ್ಟವನ್ನು ಜನ ಬಹಿರಂಗವಾಗಿ ಟೀಕಿಸಿದರು. 1930ರ ದಶಕದ ಆರಂಭದಲ್ಲಿ ಇರ್ವಿನ್ ನಾಲೆಯ ರೈತರು ಚಳವಳಿ ಹೂಡಿದರು. ಮಂಚುಕುವೊದಲ್ಲಿ ಚುನಾಯಿತ ಸಭೆಯೇ ಇರಲಿಲ್ಲ. 1932ರಲ್ಲಿ ಹುಟ್ಟಿಸಿದ ಸೌಹಾರ್ದ ಸಂಘವೊಂದು ಜನಾಭಿಪ್ರಾಯದ ವೇಷ ತೊಟ್ಟು ಸರಕಾರದ ಮಾತನ್ನೇ ಸರಕಾರಕ್ಕೆ ಒಪ್ಪಿಸುತ್ತಿತ್ತು.

ಈ ಕಥೆ 1945ಕ್ಕೆ ಮುಗಿಯಲಿಲ್ಲ. ಯುದ್ಧಾಪರಾಧದ ಶಂಕೆಯ ಮೇಲೆ ಸೆರೆಯಲ್ಲಿದ್ದ ಕಿಶಿ 1948ರ ಡಿಸೆಂಬರಿನಲ್ಲಿ ವಿಚಾರಣೆಯಿಲ್ಲದೆ ಬಿಡುಗಡೆಯಾಗಿ 1957ರಲ್ಲಿ ಪ್ರಧಾನಿಯಾದ. ಅದೇ ವರ್ಷ ಭಾರತಕ್ಕೆ ಬಂದ. 1958ರಲ್ಲಿ ಜಪಾನ್ ತನ್ನ ಮೊತ್ತಮೊದಲ ಯೆನ್ ಸಾಲವನ್ನು ನೀಡಿದ್ದು ಭಾರತಕ್ಕೆ. ಸುಪುಂಗ್ ಕಟ್ಟಿದ ಕುಬೊಟಾ ಸ್ಥಾಪಿಸಿದ ನಿಪ್ಪೊನ್ ಕೊಯಿ ಕಂಪೆನಿ ಬರ್ಮಾ, ವಿಯೆಟ್ನಾಮುಗಳಲ್ಲಿ ಜಲವಿದ್ಯುತ್ ಯೋಜನೆಗಳನ್ನು ಕೈಗೊಂಡಿತು. ಸಾಮ್ರಾಜ್ಯ ಹೋಯಿತು, ನಕ್ಷೆ ಉಳಿಯಿತು; ಅದರ ಹೊಸ ಹೆಸರು ಅಭಿವೃದ್ಧಿ. ಸ್ವತಂತ್ರ ರಾಷ್ಟ್ರಗಳು ಕೇಳಿ ಪಡೆದ ನೆರವನ್ನು ಆಕ್ರಮಣಕ್ಕೆ ಸಮೀಕರಿಸಲಾಗದು. ಆದರೆ ಯೋಜಕನ ಅಭ್ಯಾಸಗಳು ಬಾವುಟ ಬದಲಾದೊಡನೆ ಬದಲಾಗುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟ. ಆ ಅಭ್ಯಾಸಗಳು ಪ್ರಜಾಪ್ರಭುತ್ವದ ಒಳಗೂ ಬದುಕಬಲ್ಲವು ಎಂಬುದಕ್ಕೆ ಸಾಕ್ಷ್ಯ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ.

ಸುರಂಗದ ನೀರು

ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ತೋಟಗಳು ಸರಕಾರಿ ಸ್ವಾಮ್ಯದ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ಆಳಿನ ಖರ್ಚು ಉಳಿತಾಯ, ಕೀಟದ ಹತೋಟಿ, ವಿದೇಶಿ ವಿನಿಮಯ: ಕಾಗದದ ಮೇಲೆ ಎಲ್ಲವೂ ದಕ್ಷ. ಸಿಂಪಡಣೆಯ ದಿನ ಬಾವಿಗಳನ್ನು ಮುಚ್ಚಬೇಕು, ಮರದ ತುದಿಯಿಂದ ಕೆಲವೇ ಮೀಟರು ಎತ್ತರದಲ್ಲಿ ಹಾರಬೇಕು ಎಂಬ ನಿಯಮಗಳೂ ಇದ್ದವು. ಅವು ಸಮತಟ್ಟಾದ ನೆಲಕ್ಕೆ, ಬಾಯಿಯಿರುವ ಬಾವಿಗೆ ಬರೆದ ನಿಯಮಗಳು. ಎಣ್ಮಕಜೆ, ಪಡ್ರೆಯ ಕಡೆ ನೆಲ ಗುಡ್ಡ-ಕಣಿವೆಗಳದು. ನೀರು ಮುರಕಲ್ಲಿನೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದ ತೆರೆದ ಕೊಳಕ್ಕೂ ತೋಡಿಗೂ ಹರಿಯುತ್ತದೆ. ಸುರಂಗಕ್ಕೆ ಮುಚ್ಚಳ ಹಾಕುವುದು ಹೇಗೆಂದು ನಿಯಮ ಬರೆದವರು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಉತ್ತರ ತುಳುವಿನಲ್ಲಿಯೋ ಕನ್ನಡದಲ್ಲಿಯೋ ಬರುತ್ತಿತ್ತು.

ಕಾಸರಗೋಡು ಮಂಚೂರಿಯವಲ್ಲ. ಇಲ್ಲಿ ಪತ್ರಿಕೆಯಿತ್ತು, ನ್ಯಾಯಾಲಯವಿತ್ತು, ಮತದಾನವಿತ್ತು. ಆದುದರಿಂದಲೇ ಸಿಂಪಡಣೆ ನಿಂತಿತು. ಪಡ್ರೆಯ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಲೆಕ್ಕವಿಟ್ಟರು. ಶ್ರೀ ಪಡ್ರೆಯವರು ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರೇ ಆಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಆದರೆ ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹೇಳಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದದ್ದು 2017ರ ಜನವರಿ 10ರಂದು. ನಡುವಿನ ಅವಧಿಯಲ್ಲಿ ತಜ್ಞರು ತಜ್ಞರಿಗೆ ಎದುರಾದರು. ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ 2002ರ ಅಧ್ಯಯನ ಕೀಟನಾಶಕದತ್ತ ಬೆರಳು ಮಾಡಿತು, ಒ.ಪಿ. ದುಬೆ ಸಮಿತಿ ಸಂಬಂಧ ಸಿದ್ಧವಾಗಿಲ್ಲವೆಂದಿತು. ಎರಡೂ ಇಂಗ್ಲಿಷಿನಲ್ಲಿ. ತಾಯಂದಿರ ಸಾಕ್ಷ್ಯವು ತುಳು-ಕನ್ನಡದಿಂದ ಮಲಯಾಳಕ್ಕೂ ಅಲ್ಲಿಂದ ಇಂಗ್ಲಿಷಿಗೂ ದಾಟುವಷ್ಟರಲ್ಲಿ ‘ಹೇಳಿಕೆ’ಯಾಗಿ, ‘ದೂರು’ ಆಗಿ, ಕೊನೆಗೆ ‘ಪ್ರಕರಣ’ವಾಗಿ ಕುಗ್ಗಿತು.

ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳ ಕಾದಂಬರಿ ‘ಎಣ್ಮಕಜೆ’ (2009) ಈ ಕುಗ್ಗುವಿಕೆಯನ್ನು ಮರಳಿ ಹಿಗ್ಗಿಸಿದ ಕೃತಿ. ಊರಿನ ಐತಿಹ್ಯ, ದೈವ, ಕಾಡು, ವರದಿಯ ಅಂಕಿ, ಹೋರಾಟದ ದಿನಚರಿ ಎಲ್ಲವೂ ಅಲ್ಲಿ ಒಂದೇ ಬಟ್ಟೆಯ ಎಳೆಗಳು. ಅಂಕಿಗಳ ಭಾರದಿಂದ ಕೆಲವೆಡೆ ಕಥನ ಬಾಗುತ್ತದೆ ಎಂಬ ಆಕ್ಷೇಪಕ್ಕೆ ಅವಕಾಶವಿದೆ. ಆದರೆ ಯೋಜನೆಯ ಭಾಷೆಯನ್ನು ಯೋಜಿತರ ಭಾಷೆಯ ಎದುರಿಗೆ ನಿಲ್ಲಿಸಬೇಕಾದ ಕಾದಂಬರಿಗೆ ಆ ಭಾರವನ್ನು ಹೊರದೆ ಬೇರೆ ದಾರಿಯಿರಲಿಲ್ಲ. ಮಿಮುರಾ, ಮೂರ್ ಅವರ ಗ್ರಂಥಗಳಲ್ಲಿ ಕಾಣದ ಜನ ಈ ಕಾದಂಬರಿಯಲ್ಲಿ ಹೆಸರು ಹೊತ್ತು ಬರುತ್ತಾರೆ. ಹೆಚ್ಚಿನ ಪಾತ್ರಗಳು ನಿಜಜೀವನದಲ್ಲಿ ಆಡುತ್ತಿದ್ದ ನುಡಿ ಕೃತಿಯ ನುಡಿಗಿಂತ ಬೇರೆ ಎಂಬುದನ್ನು ಇಲ್ಲಿನ ದ್ವಿಭಾಷಿಕ ಓದುಗ ಮಾತ್ರ ಪುಟ ಪುಟದಲ್ಲಿಯೂ ಅನುಭವಿಸಬಲ್ಲ.

‘ಯೋಜನೆ’ ಎಂಬ ಪದದ ಮೂಲ ಯುಜ್ ಧಾತು: ಕೂಡಿಸು, ಹೂಡು. ಹೂಡುವವನಿದ್ದಲ್ಲಿ ನೊಗಕ್ಕೆ ಕೊರಳು ಕೊಡುವವನೂ ಇರುತ್ತಾನೆ. ಯೋಜನಾ ಸಾಹಿತ್ಯವನ್ನು ನಾವು ಅರ್ಥಶಾಸ್ತ್ರಜ್ಞರಿಗೆ ಬಿಟ್ಟುಕೊಟ್ಟಿದ್ದೇವೆ. ಅದನ್ನು ಪಠ್ಯವಾಗಿ ಓದುವ ಹೊಣೆ ವಿಮರ್ಶೆಯದು. ವಾಕ್ಯದ ಕರ್ತೃ ಯಾರು, ಕರ್ಮಣಿ ಪ್ರಯೋಗದ ಹಿಂದೆ ಅಡಗಿದವರು ಯಾರು, ದುಂಡು ಅಂಕಿಯೊಳಗೆ ಕರಗಿದವರು ಯಾರು ಎಂದು ಕೇಳುವ ವಿದ್ಯೆ ನಮ್ಮಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಯಿಂದ 1967ರ ಮಹಾಜನ್ ವರದಿಯವರೆಗೆ ಆಯೋಗಗಳ ಗೆರೆಗಳ ನಡುವೆ ಬದುಕಿದ ಕಾಸರಗೋಡಿನ ಕನ್ನಡಿಗರಿಗೆ ಆ ಪ್ರಶ್ನೆಗಳು ಹೊಸವಲ್ಲ. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ನುಡಿಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕು ಕೊಟ್ಟಿದೆ. ಅದನ್ನು ನಾವು ಹೆಚ್ಚಾಗಿ ಸಂಸ್ಕೃತಿಯ ಹಕ್ಕಾಗಿ, ಅಸ್ಮಿತೆಯ ಹಕ್ಕಾಗಿ ಸಮರ್ಥಿಸುತ್ತ ಬಂದಿದ್ದೇವೆ. ಯೋಜಕನ ಎದುರು ನಿಂತು ‘ಇಲ್ಲಿಯ ನೀರು ಹೀಗೆ ಹರಿಯುತ್ತದೆ’ ಎಂದು ಹೇಳುವ ಹಕ್ಕಾಗಿಯೂ ಅದನ್ನು ಸಮರ್ಥಿಸಬೇಕಾಗಿದೆ. ಎಂಡೋಸಲ್ಫಾನ್ ಪ್ರದೇಶದ ತುಳು-ಕನ್ನಡ ಸಾಕ್ಷ್ಯಗಳನ್ನು ಆಡಿದವರ ಮಾತಿನಲ್ಲಿಯೇ ಸಂಗ್ರಹಿಸಿ, ಸರಕಾರಿ ವರದಿಗಳೊಡನೆ ಎದುರುಬದುರಾಗಿ ಮುದ್ರಿಸುವ ಕೆಲಸವನ್ನು ನಮ್ಮ ಅಧ್ಯಯನ ಸಂಸ್ಥೆಗಳು ಕೈಗೆತ್ತಿಕೊಂಡರೆ, ಜಪಾನಿನಿಂದ ನಾವು ಇಷ್ಟು ಕಾಲ ಕಲಿಯದೆ ಬಿಟ್ಟ ಪಾಠವನ್ನು ಕಲಿಯತೊಡಗಿದಂತಾಗುತ್ತದೆ.